ಓಲೆಗರಿಗಳ ಛಾಯಾಗ್ರಹಣ: ಬೆಳಕಿನ ಪ್ರಮಾಣ ವಿಚಾರ

ಷಟ್‌ಖಂಡಾಗಮದ ಜೀವಸ್ಥಾನದಲ್ಲಿ ಬರುವ 93ನೆಯ ಸೂತ್ರದಲ್ಲಿ ‘ಸಂಜದ’ ಎಂಬ ಪದವುಂಟೋ ಇಲ್ಲವೋ ಎಂಬ ವಿಷಯವಾಗಿ ದಿಗಂಬರ ವಿದ್ವಾಂಸರಲ್ಲಿ ನಡೆದ ದೀರ್ಘ ಚರ್ಚೆ ವಾಚಕರಿಗೆ ತಿಳಿದುದೇ ಆಗಿದೆ. ಡಾ. ಹೀರಾಲಾಲ ಜೈನರ ಸಂಪಾದಕತ್ವದಲ್ಲಿ ಧವಲಾ ಟೀಕೆಯ ಮೊದಲ ಸಂಪುಟವು 1939ರಲ್ಲಿ ಪ್ರಕಟವಾದಾಗ ಸಂಪಾದಕರ ಮುಂದಿದ್ದುದು ಮೂಡುಬಿದಿರೆಯ ಮೂಲ ತಾಡಪತ್ರವಲ್ಲ. ಅದರ ಪ್ರತಿಯ ಪ್ರತಿಗಳು. ಅವುಗಳಲ್ಲಿ ಆ ಪದವಿರಲಿಲ್ಲ. ಅರ್ಥಸಂಗತಿಗೆ ಅದು ಅವಶ್ಯಕವೆಂದು ಸಂಪಾದಕರು ಟಿಪ್ಪಣಿಯಲ್ಲಿ ಸೂಚಿಸಿದರು. ಮುಂದೆ ಮೂಡುಬಿದಿರೆಯ ಓಲೆಯನ್ನೇ ನೋಡಿದಾಗ ಪದವು ಅಲ್ಲಿರುವುದು ಗೊತ್ತಾಯಿತು. ಆ ಪದದಿಂದ ಫಲಿಸುವ ಸಿದ್ಧಾಂತವಿಚಾರ ಇಲ್ಲಿ ಪ್ರಸ್ತುತವಲ್ಲ. ಮೂರಕ್ಷರದ ಒಂದು ಪದದ ನಿರ್ಣಯಕ್ಕೆ ಮೂಲ ಓಲೆಯವರೆಗೆ ಹೋಗಬೇಕಾಯಿತೆಂಬುದಷ್ಟೇ ಇಲ್ಲಿ ಗಮನಿಸತಕ್ಕ ಸಂಗತಿ.

1896ರ ಸುಮಾರಿಗೆ ಆರಂಭವಾಗಿ ಎರಡು ದಶಕಗಳಿಗೂ ಮಿಕ್ಕಿ ನಡೆದ ಆ ಸಿದ್ಧಾಂತಗ್ರಂಥಗಳ ಪ್ರತಿಲೇಖನವು ಮಹತ್ಕಾರ್ಯವೆಂಬುದರಲ್ಲಿ ಸಂದೇಹವಿಲ್ಲ. ಆದರೆ ಲಿಪಿಕಾರನು ಎಷ್ಟೇ ಎಚ್ಚರವುಳ್ಳವನಾದರೂ ಅವನ ಕಣ್ಣು ಒಂದು ಪದದಿಂದ ಅದೇ ರೂಪದ ಮುಂದಿನ ಪದಕ್ಕೆ ಜಿಗಿಯುವುದುಂಟು. ‘ಸಂಜದಾಸಂಜದ’ದ ಬಳಿಕ ಇನ್ನೊಂದು ‘ಸಂಜದ’ ಬಿಟ್ಟುಹೋಗುವುದು ಈ ಬಗೆಯ ದೋಷಕ್ಕೆ ಉತ್ತಮ ನಿದರ್ಶನ. ಛಾಯಾಚಿತ್ರಕ್ಕೆ ಈ ದೋಷವಿಲ್ಲ. ಅದು ಪದವನ್ನು ಬಿಡುವುದಿಲ್ಲ, ಸೇರಿಸುವುದಿಲ್ಲ. ಆದರೆ ಅದಕ್ಕೆ ಬೇರೆ ದೋಷಗಳುಂಟು. ಬೆಳಕು ಕಡಮೆಯಾದ ಚಿತ್ರದಲ್ಲಿ ಕಂದಿದ ಗರಿಯ ಅಂಚಿನ ಅಕ್ಷರಗಳು ಕತ್ತಲಲ್ಲಿ ಮುಳುಗುತ್ತವೆ. ಹೆಚ್ಚಾದುದರಲ್ಲಿ ಕಂಠದ ಸೂಕ್ಷ್ಮರೇಖೆಗಳು ತೇಲಿಹೋಗುತ್ತವೆ. ಅಂಥ ಚಿತ್ರವನ್ನು ನೋಡಿದ ಸಂಪಾದಕನು ‘ಮೂಲದಲ್ಲಿ ಸೊನ್ನೆಯಿಲ್ಲ’ ಎಂದು ಬರೆದರೆ, ಮೂಲವನ್ನೇ ಕಂಡವನ ಮಾತೆಂದು ಮುಂದಿನವರು ಅದನ್ನು ನಂಬುತ್ತಾರೆ. ಆದುದರಿಂದ ಕೆಟ್ಟ ಛಾಯಾಚಿತ್ರವು ಕೆಟ್ಟ ಪ್ರತಿಗಿಂತಲೂ ಅಪಾಯಕರ.

ಈಗ ಭಂಡಾರಗಳಲ್ಲಿ ಕ್ಯಾಮರಾ ಹಿಡಿಯುವವರು ಬಹುಮಟ್ಟಿಗೆ ವೃತ್ತಿಯ ಛಾಯಾಗ್ರಾಹಕರಲ್ಲ. ಲಿಪಿ ಬಲ್ಲ ಪಂಡಿತರು, ಸಂಶೋಧಕ ವಿದ್ಯಾರ್ಥಿಗಳು. ಲಿಪಿ ಬಲ್ಲವನೇ ಚಿತ್ರ ತೆಗೆಯುವುದು ಒಳ್ಳೆಯದೇ. ಎಲ್ಲಿ ಅಕ್ಷರ ಸಂದಿಗ್ಧವೆಂಬುದು ಅವನಿಗೆ ತಿಳಿದಿರುತ್ತದೆ. ಆದರೆ ಅವನು ಯಂತ್ರದ ಸ್ವಯಂಚಾಲಿತ ನಿರ್ಣಯಕ್ಕೆ ಎಲ್ಲವನ್ನೂ ಒಪ್ಪಿಸಿಬಿಡುವುದು ಉಚಿತವಲ್ಲ. ಕಲಿಯಬೇಕಾದುದು ಬಹಳವಿಲ್ಲ, ಮೂರು ಅಂಶಗಳು, ಅವುಗಳ ಪರಸ್ಪರ ಸಂಬಂಧ, ಮತ್ತು ಬೆಳಕಿನ ಮೀಟರಿನ ಸ್ವಭಾವ.

ಎಕ್ಸ್‌ಪೋಷರ್ ಎಂದರೆ ಫಿಲ್ಮನ್ನು ಅಥವಾ ಡಿಜಿಟಲ್ ಕ್ಯಾಮರಾದ ಸೆನ್ಸರನ್ನು ಬೆಳಕಿಗೆ ಒಡ್ಡುವುದು. ಎಷ್ಟು ಬೆಳಕು ಒಳಗೆ ಬರುತ್ತದೆ, ಎಷ್ಟು ಹೊತ್ತು ಬರುತ್ತದೆ ಎಂಬ ಎರಡರ ಗುಣಲಬ್ಧವೇ ಅದರ ಪ್ರಮಾಣ. ಸೋಸಿದ ನೀರನ್ನು ಕಮಂಡಲುವಿಗೆ ತುಂಬುವಾಗ ಧಾರೆ ದಪ್ಪವಾಗಿದ್ದರೆ ಬೇಗ ತುಂಬುತ್ತದೆ, ಸಣ್ಣದಾಗಿದ್ದರೆ ತಡವಾಗುತ್ತದೆ. ತುಂಬಿದ ನೀರು ಮಾತ್ರ ಎರಡರಲ್ಲಿಯೂ ಒಂದೇ. ಲೆನ್ಸಿನೊಳಗಿನ ರಂಧ್ರ ಧಾರೆಯ ದಪ್ಪವನ್ನೂ, ಷಟರ್ ಕಾಲವನ್ನೂ ನಿಯಂತ್ರಿಸುತ್ತವೆ.

ಲೆನ್ಸಿನ ರಂಧ್ರಕ್ಕೆ ಅಪರ್ಚರ್ ಎಂದು ಹೆಸರು. ಅದರ ಅಳತೆಯನ್ನು 2, 2.8, 4, 5.6, 8, 11, 16, 22 ಎಂಬ ಸಂಖ್ಯೆಗಳಿಂದ ಸೂಚಿಸುವರು. ಸಂಖ್ಯೆ ದೊಡ್ಡದಾದಷ್ಟೂ ರಂಧ್ರ ಚಿಕ್ಕದು ಎಂಬುದು ಹೊಸಬರನ್ನು ತಬ್ಬಿಬ್ಬುಗೊಳಿಸುತ್ತದೆ. ಲೆನ್ಸಿನ ನಾಭಿದೂರವನ್ನು ರಂಧ್ರದ ವ್ಯಾಸದಿಂದ ಭಾಗಿಸಿ ಬಂದ ಲಬ್ಧವೇ ಈ ಸಂಖ್ಯೆ ಎಂದು ತಿಳಿದರೆ ಗೊಂದಲ ಉಳಿಯದು. 50 ಮಿ.ಮೀ. ಲೆನ್ಸಿನಲ್ಲಿ ಎಫ್ 2 ಎಂದರೆ ವ್ಯಾಸ 25 ಮಿ.ಮೀ.; ಎಫ್ 8 ಎಂದರೆ 6.25 ಮಿ.ಮೀ. ಈ ಸಂಖ್ಯೆಗಳು ಇಷ್ಟು ವಿಚಿತ್ರವಾಗಿ ಏಕೆ ಬೆಳೆಯುತ್ತವೆ ಎಂಬುದಕ್ಕೆ ಮಹಾವೀರಾಚಾರ್ಯರ ಗಣಿತಸಾರಸಂಗ್ರಹದ ಕ್ಷೇತ್ರಗಣಿತವನ್ನು ಓದಿದವರಿಗೆ ಉತ್ತರ ಹೇಳಬೇಕಾಗಿಲ್ಲ: ವೃತ್ತದ ಕ್ಷೇತ್ರಫಲ ವ್ಯಾಸದ ವರ್ಗವನ್ನು ಅನುಸರಿಸುತ್ತದೆ. ಬೆಳಕನ್ನು ಅರ್ಧಕ್ಕೆ ಇಳಿಸಬೇಕಾದರೆ ವ್ಯಾಸವನ್ನು ಎರಡರ ವರ್ಗಮೂಲದಿಂದ, ಅಂದರೆ ಸುಮಾರು 1.4ರಿಂದ ಭಾಗಿಸಬೇಕು. ಸಂಖ್ಯಾಶ್ರೇಣಿಯಲ್ಲಿ ಒಂದು ಮೆಟ್ಟಿಲು ಮೇಲೇರಿದರೆ ಬೆಳಕು ಅರ್ಧವಾಗುತ್ತದೆ.

ಷಟರಿನ ಶ್ರೇಣಿ ಸರಳ: 1 ಸೆಕೆಂಡು, 1/2, 1/4, 1/8, 1/15, 1/30, 1/60, 1/125. ಇಲ್ಲಿಯೂ ಮೆಟ್ಟಿಲಿಗೊಂದು ಅರ್ಧ. ಆದುದರಿಂದ ಎಫ್ 5.6ರಲ್ಲಿ 1/4 ಸೆಕೆಂಡು, ಎಫ್ 8ರಲ್ಲಿ 1/2 ಸೆಕೆಂಡು, ಎಫ್ 11ರಲ್ಲಿ 1 ಸೆಕೆಂಡು, ಇವು ಮೂರೂ ಒಂದೇ ಎಕ್ಸ್‌ಪೋಷರ್. ಮೂರನೆಯ ಅಂಶ ಫಿಲ್ಮಿನ ಅಥವಾ ಸೆನ್ಸರಿನ ಗ್ರಹಣಶಕ್ತಿ. ಹಿಂದೆ ಇದನ್ನು ಅಮೆರಿಕದ ಎ.ಎಸ್.ಎ. ಮತ್ತು ಜರ್ಮನಿಯ ಡಿನ್ ಎಂಬ ಎರಡು ಮಾನಗಳಲ್ಲಿ ಹೇಳುತ್ತಿದ್ದರು. ಬಳಿಕ ಅವೆರಡನ್ನೂ ಕೂಡಿಸಿ ಐ.ಎಸ್.ಒ. ಎಂಬ ಹೆಸರು ಬಂದಿತು. 100 ಇದ್ದುದನ್ನು 200 ಮಾಡಿದರೆ ಅರ್ಧ ಬೆಳಕು ಸಾಕು, 400 ಮಾಡಿದರೆ ಕಾಲುಭಾಗ ಸಾಕು. ಆದರೆ ಈ ಲಾಭಕ್ಕೆ ಬೆಲೆಯುಂಟು: ಫಿಲ್ಮಿನಲ್ಲಿ ಕಣಗಳು ಉರುಟಾಗುತ್ತವೆ, ಡಿಜಿಟಲ್ ಚಿತ್ರದಲ್ಲಿ ಕತ್ತಲಿನ ಭಾಗಗಳು ಚುಕ್ಕೆ ಚುಕ್ಕೆಯಾಗುತ್ತವೆ. ಸೊನ್ನೆ ಯಾವುದು, ಚುಕ್ಕೆ ಯಾವುದು ಎಂಬುದೇ ಪ್ರಶ್ನೆಯಾಗಿರುವ ಕೆಲಸದಲ್ಲಿ ಇದನ್ನು ಸಹಿಸಲಾಗದು. ಓಡುವ ಮಗುವಿನ ಚಿತ್ರ ತೆಗೆಯುವವನಿಗೆ ಹೆಚ್ಚಿನ ಗ್ರಹಣಶಕ್ತಿ ಬೇಕಾದೀತು. ಓಲೆಯು ಎಲ್ಲಿಗೂ ಓಡುವುದಿಲ್ಲ. ಐ.ಎಸ್.ಒ. 100ರಲ್ಲಿಯೇ ಇಟ್ಟು, ಬೇಕಾದ ಬೆಳಕನ್ನು ಕಾಲದಿಂದ ಪಡೆಯುವುದು ಸರಿಯಾದ ಕ್ರಮ.

ಅಪರ್ಚರನ್ನು ಎಫ್ 8 ಅಥವಾ 11ರಲ್ಲಿ ನಿಲ್ಲಿಸಬೇಕು. ಶತಮಾನಗಳ ಕಾಲ ಕಟ್ಟಿನಲ್ಲಿದ್ದ ಶ್ರೀತಾಳದ ಗರಿ ಸಮತಟ್ಟಾಗಿರುವುದಿಲ್ಲ. ತುದಿಗಳು ಮೇಲೆದ್ದಿರುತ್ತವೆ, ದಾರದ ರಂಧ್ರದ ಬಳಿ ಉಬ್ಬಿರುತ್ತದೆ. ಅದನ್ನು ಗಾಜಿನಿಂದ ಒತ್ತಿ ಸಮಮಾಡುವ ಸಾಹಸವನ್ನು ಮಾಡಬಾರದು. ಒಣಗಿದ ಗರಿ ಸೀಳುತ್ತದೆ. ಅದರ ಏರುತಗ್ಗುಗಳೆರಡೂ ಸ್ಫುಟವಾಗಿ ಬರಬೇಕಾದರೆ ರಂಧ್ರ ಚಿಕ್ಕದಾಗಿರಬೇಕು. ಹಾಗೆಂದು ಎಫ್ 22ಕ್ಕೆ ಹೋದರೆ, ಅತಿ ಚಿಕ್ಕ ರಂಧ್ರದ ಅಂಚಿನಲ್ಲಿ ಬೆಳಕು ಬಾಗಿ ಹರಡುವುದರಿಂದ ಇಡೀ ಚಿತ್ರವೇ ತುಸು ಮಸುಕಾಗುತ್ತದೆ. ಕಾಲವು ಅರ್ಧ ಸೆಕೆಂಡು, ಒಂದು ಸೆಕೆಂಡು ಆಗುವುದರಿಂದ ಕೈಯಲ್ಲಿ ಹಿಡಿದು ತೆಗೆಯುವ ಮಾತೇ ಇಲ್ಲ. ಕ್ಯಾಮರಾವನ್ನು ಗಟ್ಟಿಯಾದ ಸ್ಟ್ಯಾಂಡಿನಲ್ಲಿ ಗರಿಗೆ ನೇರ ಮೇಲೆ ನಿಲ್ಲಿಸಿ, ಗುಂಡಿಯನ್ನು ಬೆರಳಿನಿಂದ ಒತ್ತದೆ ಸೆಲ್ಫ್ ಟೈಮರಿನಿಂದ ಷಟರ್ ತೆರೆಯಿಸಬೇಕು. ಮರದ ಮಾಳಿಗೆಯಿರುವ ಹಳೆಯ ಕಟ್ಟಡಗಳಲ್ಲಿ ಪಕ್ಕದಲ್ಲಿ ಯಾರಾದರೂ ನಡೆದರೂ ಸಾಕು, ಅಕ್ಷರಗಳು ಎರಡೆರಡಾಗಿ ಕಾಣುತ್ತವೆ.

ಇನ್ನು ಮೀಟರಿನ ವಿಚಾರ. ಹೊಸಬರ ಬಹುಪಾಲು ತೊಂದರೆಗಳ ಮೂಲ ಇಲ್ಲಿಯೇ ಇದೆ. ಕ್ಯಾಮರಾದೊಳಗಿನ ಮೀಟರು ವಸ್ತುವಿನಿಂದ ಮರಳಿ ಬಂದ ಬೆಳಕನ್ನು ಅಳೆಯುತ್ತದೆ. ವಸ್ತುವು ಬಿಳಿಯೋ ಕಪ್ಪೋ ಅದಕ್ಕೆ ತಿಳಿಯದು. ತನ್ನ ಮುಂದಿರುವುದೆಲ್ಲವೂ ಮಧ್ಯಮ ಬೂದುಬಣ್ಣದ್ದು, ಬಿದ್ದ ಬೆಳಕಿನಲ್ಲಿ ಸುಮಾರು ನೂರಕ್ಕೆ 18 ಪಾಲನ್ನು ಮರಳಿಸುವಂಥದ್ದು ಎಂಬ ಒಂದೇ ಕಲ್ಪನೆಯ ಮೇಲೆ ಅದು ನಡೆಯುತ್ತದೆ. ಒಂದು ಬಗೆಯಲ್ಲಿ ಅದು ಶುದ್ಧ ಏಕಾಂತವಾದಿ! ಮಸಿ ಮತ್ತು ಎಣ್ಣೆಯಿಂದ ಕಪ್ಪಾದ ಗರಿಯನ್ನು ಚೌಕಟ್ಟಿನ ತುಂಬ ತೋರಿಸಿದರೆ, ಇದು ಬೆಳಕು ಸಾಲದ ಬೂದುವಸ್ತು ಎಂದು ಭಾವಿಸಿ ಹೆಚ್ಚು ಕಾಲವನ್ನು ಸೂಚಿಸುತ್ತದೆ. ಗರಿ ಪೇಲವವಾಗಿ ಬರುತ್ತದೆ. ಅದೇ ಗರಿಯನ್ನು ಬಿಳಿಯ ಪಂಚೆಯ ಮೇಲೆ ಹಾಸಿದರೆ, ಬಟ್ಟೆಯ ಬಿಳುಪನ್ನು ಕಂಡು ಬೆಳಕು ಹೆಚ್ಚಾಯಿತೆಂದು ಕಾಲವನ್ನು ತಗ್ಗಿಸುತ್ತದೆ. ಬಟ್ಟೆ ಬೂದಾಗುತ್ತದೆ, ಗರಿ ಕಪ್ಪಾಗುತ್ತದೆ, ಮಸಿಯ ಅಕ್ಷರ ಗರಿಯಲ್ಲಿ ಲೀನವಾಗುತ್ತದೆ. ಭಂಡಾರಗಳಿಂದ ಬರುವ ಓದಲಾಗದ ಚಿತ್ರಗಳಲ್ಲಿ ಬಿಳಿಬಟ್ಟೆಯ ಈ ದೋಷ ಬಹಳ ಸಾಮಾನ್ಯ. ಭಕ್ತಿಯಿಂದ ಹಾಸಿದ ಶುಭ್ರವಸ್ತ್ರವೇ ಅಕ್ಷರಗಳನ್ನು ನುಂಗಿರುತ್ತದೆ.

ಇದಕ್ಕೆ ಪರಿಹಾರ ಸುಲಭ. ಶೇಕಡಾ 18ರ ಬೂದು ಕಾರ್ಡು ಛಾಯಾಗ್ರಹಣದ ಸಾಮಾನು ಮಾರುವವರಲ್ಲಿ ದೊರೆಯುತ್ತದೆ. ಗರಿಯಿಡುವ ಜಾಗದಲ್ಲಿಯೇ, ಅದೇ ದೀಪಗಳ ಬೆಳಕಿನಲ್ಲಿ ಅದನ್ನಿಟ್ಟು ಚೌಕಟ್ಟು ತುಂಬುವಂತೆ ನೋಡಿ ಮೀಟರು ಹೇಳಿದ ಕಾಲವನ್ನು ಗುರುತಿಸಿಕೊಳ್ಳಬೇಕು. ಬಳಿಕ ಕ್ಯಾಮರಾವನ್ನು ಮ್ಯಾನುಯಲ್ ವಿಧಾನಕ್ಕೆ ತಿರುಗಿಸಿ ಅದೇ ಅಪರ್ಚರು, ಅದೇ ಕಾಲದಲ್ಲಿ ಕಟ್ಟಿನ ಮೊದಲ ಗರಿಯಿಂದ ಕೊನೆಯ ಗರಿಯವರೆಗೆ ನಡೆಯಬೇಕು. ನಡುವೆ ದೀಪವನ್ನಾಗಲಿ ಎತ್ತರವನ್ನಾಗಲಿ ಬದಲಿಸಿದರೆ ಮಾತ್ರ ಹೊಸ ಅಳತೆ. ಇದರಿಂದ ಇನ್ನೊಂದು ಪ್ರಯೋಜನವೂ ಉಂಟು. ಒಂದು ಕಟ್ಟಿನಲ್ಲಿ ಬೇರೆ ಕಟ್ಟಿನ ಗರಿ ಸೇರಿಕೊಂಡಿದೆಯೇ, ಹರಿದುಹೋದ ಗರಿಯ ಬದಲು ಹೊಸದಾಗಿ ಬರೆದಿಟ್ಟಿದ್ದಾರೆಯೇ ಎಂಬುದನ್ನು ಗರಿಯ ಬಣ್ಣದ ಭೇದದಿಂದ ಊಹಿಸುವುದು ಹಸ್ತಪ್ರತಿಶಾಸ್ತ್ರದ ರೂಢಿ. ಯಂತ್ರವು ತನ್ನಿಷ್ಟದಂತೆ ಪ್ರತಿ ಗರಿಗೂ ಬೇರೆ ಬೇರೆ ಎಕ್ಸ್‌ಪೋಷರ್ ಕೊಟ್ಟರೆ ಕಪ್ಪುಗರಿಯೂ ಬಿಳಿಚಿದ ಗರಿಯೂ ಒಂದೇ ಬಣ್ಣಕ್ಕೆ ಬಂದು ಆ ಸಾಕ್ಷ್ಯವೇ ಅಳಿದುಹೋಗುತ್ತದೆ.

ಗರಿಯ ಕೆಳಗೆ ಹಾಸುವ ಬಟ್ಟೆಯೂ ಬೂದುಬಣ್ಣದ್ದಾಗಿರುವುದು ಮೇಲು. ಇದು ಮೀಟರಿಗಾಗಿ ಮಾತ್ರವಲ್ಲ. ಗರಿಯಲ್ಲಿ ಹುಳು ಕೊರೆದ ತೂತುಗಳಿರುತ್ತವೆ. ಕಪ್ಪು ಹಾಸಿನ ಮೇಲೆ ಅಂಥ ತೂತು ಮಸಿ ತುಂಬಿದ ಸೊನ್ನೆಯಂತೆಯೇ ಚಿತ್ರದಲ್ಲಿ ಬರುತ್ತದೆ. ಇಲ್ಲದ ಅನುಸ್ವಾರವನ್ನು ಓದುಗನು ಓದಿಬಿಡುತ್ತಾನೆ. ಬೂದುಹಾಸಿನ ಮೇಲೆ ತೂತು ತೂತಾಗಿಯೇ ಕಾಣುತ್ತದೆ. ಅದು ಗರಿಯ ಬಣ್ಣವೂ ಅಲ್ಲ, ಮಸಿಯ ಬಣ್ಣವೂ ಅಲ್ಲ.

ಚಿತ್ರ ತೆಗೆದ ಮೇಲೆ ಕ್ಯಾಮರಾದ ಹಿಂಬದಿಯ ಚಿಕ್ಕ ಪರದೆಯ ಹೊಳಪನ್ನು ನಂಬಬಾರದು. ಕತ್ತಲ ಕೋಣೆಯಲ್ಲಿ ಎಲ್ಲ ಚಿತ್ರವೂ ಚೆನ್ನಾಗಿಯೇ ಕಾಣುತ್ತದೆ. ಹಿಸ್ಟೋಗ್ರಾಮ್ ಎಂಬ ರೇಖಾಚಿತ್ರವನ್ನು ನೋಡಬೇಕು. ಅದರ ಎಡತುದಿ ಕಪ್ಪು, ಬಲತುದಿ ಬಿಳುಪು. ಗುಡ್ಡೆಯು ಎಡಗೋಡೆಗೆ ಒತ್ತಿಕೊಂಡಿದ್ದರೆ ಬೆಳಕು ಸಾಲದು. ಬಲಗೋಡೆಗೆ ಒತ್ತಿದ್ದರೆ ಹೆಚ್ಚಾಗಿದೆ. ಫಿಲ್ಮಿನಲ್ಲಿ ಪಳಗಿದ ಹಿರಿಯರು ಇಲ್ಲಿ ಒಂದು ಭೇದವನ್ನು ಗಮನಿಸಬೇಕು. ನೆಗೆಟಿವ್ ಫಿಲ್ಮಿನಲ್ಲಿ ಬೆಳಕು ತುಸು ಹೆಚ್ಚಾದರೂ ಸರಿಪಡಿಸಬಹುದಾಗಿತ್ತು. ಕಡಮೆಯಾದರೆ ನೆರಳಿನ ವಿವರಗಳು ಶಾಶ್ವತವಾಗಿ ನಷ್ಟ. ಡಿಜಿಟಲ್ ಸೆನ್ಸರಿನಲ್ಲಿ ಇದು ತಿರುಗುಮುರುಗು: ನೆರಳನ್ನು ಸ್ವಲ್ಪಮಟ್ಟಿಗೆ ಮೇಲೆತ್ತಬಹುದು, ಆದರೆ ಬಿಳುಪು ತುದಿಮುಟ್ಟಿದ ಕಡೆ ಏನೂ ಉಳಿಯುವುದಿಲ್ಲ. ಸಂದೇಹವಿರುವಲ್ಲಿ, ವಿಶೇಷವಾಗಿ ಪ್ರಶಸ್ತಿ ಮತ್ತು ಲಿಪಿಕಾರನ ಕಾಲಸೂಚನೆ ಇರುವ ಗರಿಗಳಲ್ಲಿ, ಅಳತೆಯಂತೆ ಒಂದು, ಒಂದು ಮೆಟ್ಟಿಲು ಕಡಮೆ ಒಂದು, ಒಂದು ಮೆಟ್ಟಿಲು ಹೆಚ್ಚು ಒಂದು ಹೀಗೆ ಮೂರು ಚಿತ್ರಗಳನ್ನು ತೆಗೆದಿಡುವುದು ಜಾಣತನ.

ಫಿಲ್ಮಿನ ಮಾತು ಬಂದುದರಿಂದ ಒಂದು ಸಂಗತಿ. ಫಿಲ್ಮಿನ ಮೇಲಿನ ಲೇಪದಲ್ಲಿ ಪ್ರಾಣಿಗಳ ಮೂಳೆ ಚರ್ಮಗಳಿಂದ ತೆಗೆದ ಜಿಲಾಟಿನ್ ಇರುತ್ತದೆ. ಉದಕಮಂಡಲದ ಹಿಂದೂಸ್ತಾನ್ ಫೋಟೋ ಫಿಲ್ಮ್ಸ್ ಕಾರ್ಖಾನೆಯಲ್ಲಿ ತಯಾರಾಗುತ್ತಿದ್ದ ‘ಇಂದು’ ಫಿಲ್ಮಾಗಲಿ, ವಿದೇಶದ ಫಿಲ್ಮಾಗಲಿ ಇದಕ್ಕೆ ಹೊರತಲ್ಲ. ಜಿನಾಗಮದ ರಕ್ಷಣೆಗೆ ಇದನ್ನು ಬಳಸುವುದು ಎಷ್ಟು ಸರಿ ಎಂದು ಕೇಳುವವರಿಗೆ ಹಿಂದೆ ಸಮಾಧಾನ ಹೇಳುವುದು ಕಷ್ಟವಾಗಿತ್ತು. ಡಿಜಿಟಲ್ ಸೆನ್ಸರಿನಲ್ಲಿ ಬೆಳಕನ್ನು ಗ್ರಹಿಸುವುದು ಸಿಲಿಕಾನ್; ಜಿಲಾಟಿನ್ ಲೇಪದ ಪ್ರಶ್ನೆ ಅಲ್ಲಿ ಏಳುವುದಿಲ್ಲ.

ದೀಪಗಳನ್ನು ಹೇಗಿಡಬೇಕೆಂಬುದು ಗರಿಯ ಮೇಲಿನ ಬರವಣಿಗೆಯ ಬಗೆಯನ್ನು ಅವಲಂಬಿಸಿದೆ. ಮೂಡುಬಿದಿರೆಯ ಧವಲಾದಿ ಪ್ರತಿಗಳಂತೆ ಶಾಯಿಯಿಂದ ಬರೆದುವು ಕೆಲವು. ಕಂಠದಿಂದ ಕೊರೆದು ಮಸಿ ತುಂಬಿದವು ಬಹಳ. ಕೊರೆದರೂ ಮಸಿ ತುಂಬದೆ ಉಳಿದವು, ತುಂಬಿದ ಮಸಿ ಉದುರಿದವು ಮತ್ತೆ ಕೆಲವು. ಮಸಿಯ ಅಕ್ಷರಗಳಿಗೆ ಎಡಬಲಗಳಲ್ಲಿ ಒಂದೊಂದು ದೀಪ, ಗರಿಗೆ 45 ಅಂಶದ ಕೋನದಲ್ಲಿ, ಸಮಾನ ದೂರದಲ್ಲಿ ಇರಬೇಕು. ಒಂದೇ ದೀಪ ಸಾಲದೇ ಎಂದರೆ ಸಾಲದು. ಬೆಳಕು ದೂರದ ವರ್ಗಕ್ಕೆ ವಿಲೋಮವಾಗಿ ಕುಗ್ಗುತ್ತದೆ. 60 ಸೆಂ.ಮೀ. ಉದ್ದದ ಗರಿಯ ಒಂದು ತುದಿಯಿಂದ 60 ಸೆಂ.ಮೀ. ಆಚೆ ದೀಪವಿಟ್ಟರೆ ಇನ್ನೊಂದು ತುದಿ 120 ಸೆಂ.ಮೀ. ದೂರವಾಗುತ್ತದೆ, ಅಲ್ಲಿ ಬೀಳುವುದು ಕಾಲುಭಾಗ ಬೆಳಕು ಮಾತ್ರ. ಒಂದು ತುದಿಗೆ ಹೊಂದಿದ ಎಕ್ಸ್‌ಪೋಷರ್ ಇನ್ನೊಂದಕ್ಕೆ ಎರಡು ಮೆಟ್ಟಿಲು ಕಡಮೆ. ದೀಪಗಳು ಎರಡಾಗಿದ್ದು ದೂರದಲ್ಲಿದ್ದಷ್ಟೂ ಗರಿಯುದ್ದಕ್ಕೂ ಬೆಳಕು ಸಮವಾಗುತ್ತದೆ.

ಮಸಿಯಿಲ್ಲದ ಕೊರೆಹದ ಅಕ್ಷರಗಳಿಗೆ ಈ ಸಮಬೆಳಕೇ ಶತ್ರು. ಅಲ್ಲಿ ಒಂದೇ ದೀಪವನ್ನು ಬಹಳ ತಗ್ಗಿಸಿ, ಬೆಳಕು ಗರಿಯ ಮೇಲೆ ಸವರಿಕೊಂಡು ಹೋಗುವಂತೆ ಇಡಬೇಕು. ಕಂಠದ ಗೀರಿನ ಒಂದು ದಡ ಬೆಳಗಿ ಇನ್ನೊಂದು ದಡ ನೆರಳಾದಾಗ ಅಕ್ಷರ ಎದ್ದು ನಿಲ್ಲುತ್ತದೆ. ಆದರೆ ಬೆಳಕಿನ ದಿಕ್ಕಿಗೆ ಸಮಾನಾಂತರವಾದ ಗೀರುಗಳಿಗೆ ನೆರಳಿಲ್ಲ, ಅವು ಕಾಣುವುದಿಲ್ಲ. ಆದುದರಿಂದ ಎರಡು ದಿಕ್ಕುಗಳಿಂದ ಎರಡು ಚಿತ್ರಗಳು ಅವಶ್ಯ. ಶ್ರವಣಬೆಳಗೊಳದ ಚಂದ್ರಗಿರಿಯಲ್ಲಿ ಬಂಡೆಯ ಮೇಲಿರುವ ಶಾಸನಗಳನ್ನು ನಡುಹಗಲಿನಲ್ಲಿ ನೋಡಿದವರಿಗೂ ಎಳೆಬಿಸಿಲಿನಲ್ಲಿ ನೋಡಿದವರಿಗೂ ಈ ಭೇದ ಕಣ್ಣಾರೆ ಗೊತ್ತು. ಬಯಲಿನಲ್ಲಿ ಮೀಟರಿಲ್ಲದೆಯೂ ಕೆಲಸ ನಡೆಯುವಂಥ ಹಳೆಯ ಸೂತ್ರವೊಂದಿದೆ: ನಿಚ್ಚಳ ಬಿಸಿಲಿನಲ್ಲಿ ಎಫ್ 16, ಕಾಲವು ಐ.ಎಸ್.ಒ. ಸಂಖ್ಯೆಯ ಅಂಶ, ಅಂದರೆ 100ಕ್ಕೆ ಸುಮಾರು 1/125 ಸೆಕೆಂಡು. ಎಳೆಬಿಸಿಲಿಗೆ ಇದರ ಮೇಲೆ ಒಂದೆರಡು ಮೆಟ್ಟಿಲು ಹೆಚ್ಚು ಕೊಡಬೇಕು.

ಗರಿಗಳಿಗೆ ಎಣ್ಣೆ ಸವರುವ ಪದ್ಧತಿಯಿಂದ ಹೊಳಪು ಬಂದು ಅಕ್ಷರದ ಮೇಲೆ ಬಿಳಿಯ ಪಟ್ಟೆ ಬೀಳುವುದುಂಟು. ದೀಪವನ್ನು ಸರಿಸಿದರೂ ಹೋಗದಿದ್ದರೆ ಲೆನ್ಸಿಗೆ ಪೋಲರೈಸರ್ ಫಿಲ್ಟರನ್ನೂ, ದೀಪಗಳಿಗೆ ಅದೇ ಬಗೆಯ ಹಾಳೆಗಳನ್ನೂ ಹಾಕಿ ಫಿಲ್ಟರನ್ನು ತಿರುಗಿಸುತ್ತ ನೋಡಬೇಕು. ಇದಕ್ಕೆ ಬಹಳ ಬೆಳಕು ಖರ್ಚಾಗುತ್ತದೆ. ಲೆನ್ಸಿನ ಫಿಲ್ಟರೊಂದೇ ಒಂದೂವರೆಯಿಂದ ಎರಡು ಮೆಟ್ಟಿಲು ನುಂಗುತ್ತದೆ. ಬೂದು ಕಾರ್ಡಿನಿಂದ ಮತ್ತೆ ಅಳೆಯಬೇಕು. ಬಣ್ಣದ ಚಿತ್ರಗಳಿರುವ ಗರಿಗಳಿಗೆ ಪ್ರಮಾಣೀಕೃತ ಬಣ್ಣಪಟ್ಟಿಯನ್ನು ಪಕ್ಕದಲ್ಲಿಡುವುದೊಂದೇ ವಿಶೇಷ.

ದೀಪದಿಂದ ಓಲೆಗೆ ಆಗುವ ಹಾನಿಯ ಭಯ ಭಂಡಾರದ ಅಧಿಕಾರಿಗಳಿಗೆ ಸಹಜ, ಅದು ಯುಕ್ತವೂ ಹೌದು. ಬಿಸಿಯಾಗುವ ಹ್ಯಾಲೋಜೆನ್ ದೀಪಗಳನ್ನು ಗರಿಯ ಬಳಿ ತರಲೇಬಾರದು. ಬೆಳಕಿನಿಂದ ಕೆಡುವ ವಸ್ತುಗಳಿಗೆ ವಸ್ತುಸಂಗ್ರಹಾಲಯಗಳು 50 ಲಕ್ಸ್ ಎಂಬ ಮಂದಪ್ರಕಾಶವನ್ನು ಮಿತಿಯಾಗಿ ಪಾಲಿಸುತ್ತವೆ. ಅಷ್ಟು ಮಂದಪ್ರಕಾಶದಲ್ಲಿ ಚಿತ್ರ ಬಂದೀತೇ ಎಂಬ ಸಂದೇಹಕ್ಕೆ ಲೆಕ್ಕವೇ ಉತ್ತರ ಕೊಡುತ್ತದೆ: ಐ.ಎಸ್.ಒ. 100, ಎಫ್ 8 ಇದ್ದಲ್ಲಿ 50 ಲಕ್ಸ್ ಬೆಳಕಿಗೆ ಬೇಕಾಗುವುದು ಸುಮಾರು 3 ಸೆಕೆಂಡು. ಫಿಲ್ಮಿನಲ್ಲಾದರೆ ಒಂದು ಸೆಕೆಂಡು ಮೀರಿದ ಮೇಲೆ ಗ್ರಹಣಶಕ್ತಿ ಕುಂದುವುದರಿಂದ ಇನ್ನೂ ಹೆಚ್ಚು ಕೊಡಬೇಕಾಗುತ್ತಿತ್ತು. ಡಿಜಿಟಲ್ ಕ್ಯಾಮರಾದಲ್ಲಿ ಆ ತೊಡಕಿಲ್ಲ. ಹೀಗೆ ಎಕ್ಸ್‌ಪೋಷರಿನ ಲೆಕ್ಕ ಬಲ್ಲವನು ಓಲೆಗೆ ಕಡಮೆ ಬೆಳಕಿನ ಪೀಡೆ ಕೊಟ್ಟು ಅಕ್ಷರಗಳನ್ನು ಪೂರ್ಣವಾಗಿ ಪಡೆಯಬಲ್ಲನು.

ಒಂದು ಗರಿಯನ್ನು ಒಂದೇ ಚಿತ್ರದಲ್ಲಿ ಮುಗಿಸುವ ಆತುರವನ್ನೂ ಬಿಡಬೇಕು. ಅಡ್ಡಸಾಲಿನಲ್ಲಿ 6000 ಬಿಂದುಗಳುಳ್ಳ ಕ್ಯಾಮರಾದಲ್ಲಿ 60 ಸೆಂ.ಮೀ. ಗರಿಯನ್ನು ಹಿಡಿಸಿದರೆ ಒಂದು ಸೆಂಟಿಮೀಟರಿಗೆ ದೊರೆಯುವುದು 100 ಬಿಂದುಗಳು. ಅರ್ಧ ಅರ್ಧವಾಗಿ, ತುಸು ಅತಿಕ್ರಮಿಸುವಂತೆ ತೆಗೆದರೆ ಅದರ ಇಮ್ಮಡಿಗೆ ಹತ್ತಿರ ಬರುತ್ತದೆ. ಉಡುಪಿಯ ಮಠವೊಂದರಲ್ಲಿದ್ದ ಮಧ್ವಾಚಾರ್ಯರ ಸರ್ವಮೂಲಗ್ರಂಥಗಳ ಓಲೆಗಳನ್ನು ಅಮೆರಿಕದ ರಾಚೆಸ್ಟರ್ ತಾಂತ್ರಿಕ ವಿದ್ಯಾಸಂಸ್ಥೆಯ ಪಿ. ಆರ್. ಮುಕುಂದ ಮತ್ತು ರೋಜರ್ ಈಸ್ಟನ್ ಅವರು ಸುಮಾರು 2006ರಲ್ಲಿ ಚಿತ್ರಿಸಿದಾಗ, 26 ಅಂಗುಲದ ಒಂದೊಂದು ಗರಿಯನ್ನೂ ಹಲವು ಖಂಡಗಳಲ್ಲಿ ತೆಗೆದು ಬಳಿಕ ಜೋಡಿಸಿದರು. ಅವರು ಬಳಸಿದ್ದು ಅವಕೆಂಪು ಕಿರಣಗಳನ್ನು. ದೀಪದ ಕಾಡಿಗೆಯಿಂದ ಮಾಡಿದ ಮಸಿ ಆ ಕಿರಣಗಳನ್ನು ಹೀರುತ್ತದೆ. ಕಂದಿದ ಗರಿ ಅವುಗಳನ್ನು ಮರಳಿಸುತ್ತದೆ. ಹೀಗಾಗಿ ಕಣ್ಣಿಗೆ ಕಪ್ಪಿನಲ್ಲಿ ಕಪ್ಪಾಗಿ ಕಾಣುವ ಬರಹ ಚಿತ್ರದಲ್ಲಿ ಬೇರ್ಪಟ್ಟು ಬರುತ್ತದೆ. ಸಾಮಾನ್ಯ ಕ್ಯಾಮರಾಗಳಲ್ಲಿ ಈ ಕಿರಣಗಳನ್ನು ತಡೆಯುವ ಗಾಜು ಇರುವುದರಿಂದ ಇದು ಆರಂಭದ ಅಭ್ಯಾಸಿಯ ಕೆಲಸವಲ್ಲ. ಆದರೆ ಪೂರ್ತಿ ಕರಿದಾದ ಗರಿಯನ್ನು ‘ಓದಲಾಗದು’ ಎಂದು ಬದಿಗಿಡುವ ಮೊದಲು ಇಂಥ ಉಪಾಯವುಂಟೆಂದು ತಿಳಿದಿರಬೇಕು.

ಪ್ರತಿ ಚಿತ್ರದಲ್ಲಿಯೂ ಗರಿಯ ನಾಲ್ಕು ಅಂಚುಗಳು, ಅಂಚಿನ ಗರಿಸಂಖ್ಯೆ, ಒಂದು ಅಳತೆಪಟ್ಟಿ ಕಾಣಬೇಕು. ಖಂಡಗಳಾಗಿ ತೆಗೆದಾಗ ಜೋಡಿಸಿದ ಮೇಲಾದರೂ ಇವು ಪೂರ್ಣವಾಗಿರಬೇಕು. ಕಡತದ ಹೆಸರಿನಲ್ಲಿ ಭಂಡಾರದ ಸೂಚಿಸಂಖ್ಯೆಯನ್ನು ಸೇರಿಸುವುದು ಲೇಸು. ಪಂ. ಕೆ. ಭುಜಬಲಿ ಶಾಸ್ತ್ರಿಗಳು 1948ರಲ್ಲಿ ಪ್ರಕಟಿಸಿದ ಕನ್ನಡ ಪ್ರಾಂತೀಯ ತಾಡಪತ್ರೀಯ ಗ್ರಂಥಸೂಚಿಯಲ್ಲಿ ಸೇರಿರುವ ಭಂಡಾರಗಳ ಕಟ್ಟುಗಳಿಗೆ ಆ ಸಂಖ್ಯೆಯನ್ನೂ ನಮೂದಿಸಿದರೆ ಹಳೆಯ ವರ್ಣನೆಯೊಡನೆ ಹೋಲಿಸುವುದು ಸುಲಭವಾಗುತ್ತದೆ.

ಕೊನೆಯ ಪರೀಕ್ಷೆಯನ್ನು ಕಟ್ಟು ಕಟ್ಟುವ ಮುನ್ನವೇ ಮಾಡತಕ್ಕದ್ದು. ಚಿತ್ರಗಳನ್ನು ದೊಡ್ಡ ಪರದೆಯ ಮೇಲೆ ಹಾಕಿ ಒಬ್ಬರು ಅದರಿಂದ ಓದಬೇಕು. ಇನ್ನೊಬ್ಬರು ಗರಿಯನ್ನು ಮುಂದಿಟ್ಟುಕೊಂಡು ಕೇಳಬೇಕು. ಪರದೆಯಿಂದ ಓದುವವರು ತಡೆದ ಕಡೆಯೆಲ್ಲ ಗರಿಯಲ್ಲಿ ಅಕ್ಷರ ಸ್ಪಷ್ಟವಿದೆಯೇ ನೋಡಿ, ಇದ್ದರೆ ಆ ಗರಿಯನ್ನು ಬದಿಗಿರಿಸಿಕೊಂಡು ದೀಪವನ್ನೋ ಕಾಲವನ್ನೋ ಬದಲಿಸಿ ಅದೇ ದಿನ ಮತ್ತೆ ತೆಗೆಯಬೇಕು. ಗರಿಯಲ್ಲಿಯೂ ಅಸ್ಪಷ್ಟವಿದ್ದರೆ ಹಾಗೆಂದು ಗರಿಸಂಖ್ಯೆ, ಸಾಲುಗಳ ಸಮೇತ ಬರೆದಿಡಬೇಕು. ದಾರವನ್ನು ಪೋಣಿಸಿ ಹಲಗೆಗಳ ನಡುವೆ ಕಟ್ಟುವುದು ಆಮೇಲೆ.